ತಾಳಮದ್ದಳೆ ರೆಕಾರ್ಡಿಂಗ್‌ಗಳನ್ನು ಮ್ಯಾಕ್‌ನಿಂದ ಹೊರಗೆ ತಂದದ್ದು

ಮ್ಯಾಕ್ ನನ್ನದಲ್ಲ, ಭಾವನದು. ನಾಲ್ಕು ವರ್ಷ ನನ್ನ ಮೇಜಿನ ಮೇಲೇ ಇತ್ತು, ಹಾಗಾಗಿ ನನ್ನದೇ ಅನ್ನಿಸಿಬಿಟ್ಟಿತ್ತು. "ಮಗಳ ಓದಿಗೆ ಬೇಕು ಮಾರಾಯ, ಈ ತಿಂಗಳಲ್ಲಿ ಕೊಡು" ಅಂದರು. ನನಗೆ ಉಳಿದದ್ದು ಒಂದು ವಿಂಡೋಸ್ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿದ ಒಂದು ಹಳೇ ಡೆಸ್ಕ್‌ಟಾಪ್.

ನಾನು ರೆಕಾರ್ಡ್ ಮಾಡುವುದು ಊರಿನ ತಾಳಮದ್ದಳೆ ಕೂಟಗಳನ್ನು. ಒಂದೊಂದೂ ಮೂರು ಗಂಟೆ. ಚೆಂಡೆ ಬಿದ್ದರೆ ಕಿವಿ ಗುಂಯ್ ಅನ್ನುತ್ತದೆ. ಪಾತ್ರವಾಗಿ ಮಾತಾಡುವ ಅರ್ಥಧಾರಿ ಮೆಲ್ಲಗೆ ಮಾತಿಗಿಳಿದರೆ ಫ್ಯಾನಿನ ಸದ್ದೇ ಜಾಸ್ತಿ. ಈ ಏರಿಳಿತ ಸರಿಮಾಡುವುದೇ ಮುಕ್ಕಾಲು ಪಾಲು ಕೆಲಸ. ಅದನ್ನೆಲ್ಲ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಮಾಡಿಟ್ಟಿದ್ದೆ. ಅದು ಆಪಲ್ ಸಾಧನಗಳಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್.

ಪ್ರಾಜೆಕ್ಟನ್ನು ಪೆನ್‌ಡ್ರೈವ್‌ಗೆ ಹಾಕಿ ವಿಂಡೋಸ್‌ನಲ್ಲಿ ನೋಡಿದೆ. ಅಲ್ಲಿ ಅದು ಸುಮ್ನೆ ಒಂದು ಫೋಲ್ಡರ್. ಒಳಗೆ ಮೂಲ ರೆಕಾರ್ಡಿಂಗ್ ಸಿಕ್ಕಿತು, ಆದರೆ ರಾತ್ರಿ ಕೂತು ಗೆರೆ ಎಳೆದು ಸರಿಮಾಡಿದ ಏರಿಳಿತ ಬರಲಿಲ್ಲ. ಹಾಗಾಗಿ ಮ್ಯಾಕ್ ಕೈಯಲ್ಲಿದ್ದಾಗಲೇ ಪ್ರತಿ ಟ್ರ್ಯಾಕನ್ನೂ ಒಂಟಿಯಾಗಿ ಸೋಲೋ ಮಾಡಿ, ಎಲ್ಲವನ್ನೂ ಸೊನ್ನೆಯಿಂದಲೇ ಶುರುವಾಗುವಂತೆ ವೇವ್ ಫೈಲಾಗಿ ತೆಗೆದೆ. ಎಲ್ಲವೂ ಒಂದೇ ಜಾಗದಿಂದ ಶುರುವಾದರೆ ಯಾವ ಸಾಫ್ಟ್‌ವೇರಿನಲ್ಲಿ ಜೋಡಿಸಿದರೂ ತಾಳ ತಪ್ಪುವುದಿಲ್ಲ. ಬೇಜಾರಿನ ಕೆಲಸ, ಹತ್ತು ದಿನ ಹಿಡಿಯಿತು.

ಆಮೇಲೆ ಎಡಿಟ್ ಮಾಡಲು ಹೊಸ ಸಾಫ್ಟ್‌ವೇರ್ ಆರಿಸಬೇಕಿತ್ತು. ಯಾವುದರಲ್ಲಿ ಎಷ್ಟು ಎಫೆಕ್ಟ್ ಇದೆ ಅಂತ ಈ ಸಲ ನೋಡಲಿಲ್ಲ. ನಾಳೆ ಇನ್ನೊಬ್ಬ ಭಾವ ಇನ್ನೊಂದು ಕಂಪ್ಯೂಟರ್ ಕೇಳಿದರೆ ನಾನು ಗಂಟುಮೂಟೆ ಕಟ್ಟಿಕೊಂಡು ಹೊರಡಬಹುದಾ? ಅದಷ್ಟೇ ಪ್ರಶ್ನೆ. ಅಡೋಬಿಯವರ ಆಡಿಷನ್ ವಿಂಡೋಸ್, ಮ್ಯಾಕ್ ಎರಡರಲ್ಲೂ ಇದೆ, ಲಿನಕ್ಸ್‌ನಲ್ಲಿಲ್ಲ. ಅದನ್ನು ಅಲ್ಲೇ ಬಿಟ್ಟೆ.

ಆಡಾಸಿಟಿ ಮೂರರಲ್ಲೂ ಓಡುತ್ತದೆ, ಪುಕ್ಕಟೆ. ಫ್ಯಾನಿನ ಸದ್ದು ತೆಗೆಯಲು ಈಗಲೂ ಅದನ್ನೇ ಬಳಸುತ್ತೇನೆ. ಆದರೆ ಅದು ಧ್ವನಿಯನ್ನು 32 ಬಿಟ್ ಫ್ಲೋಟ್ ಅನ್ನುವ, ಜಾಸ್ತಿ ಜಾಗ ಹಿಡಿಯುವ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಮೂರು ಗಂಟೆಯ ಸ್ಟೀರಿಯೊಗೆ ಸುಮಾರು 3.8 ಜಿಬಿ ಬೇಕು. ಇಡೀ ಟ್ರ್ಯಾಕಿಗೆ ಒಂದು ಎಫೆಕ್ಟ್ ಹಾಕಿದರೆ, ಹಿಂದೆ ಹೋಗಲು ಬೇಕಲ್ವಾ ಅಂತ ಹಳೆಯದನ್ನೂ ಇಟ್ಟುಕೊಳ್ಳುತ್ತದೆ. ಇನ್ನೂ 3.8! ನನ್ನ ಹಳೇ ಡಿಸ್ಕಿಗೆ ಅದು ಭಾರವಾಯಿತು. ಹತ್ತು ನಿಮಿಷದ ಕತೆ ಓದಿ ರೆಕಾರ್ಡ್ ಮಾಡುವವರಿಗೆ ಮಾತ್ರ ನಾನು ಆಡಾಸಿಟಿಯನ್ನೇ ಹೇಳುತ್ತೇನೆ.

ನಾನು ನಿಂತದ್ದು ರೀಪರ್‌ನಲ್ಲಿ. 60 ದಿನ ನೋಡಿ, ಸ್ವಂತ ಬಳಕೆಯ 60 ಡಾಲರ್ ಲೈಸೆನ್ಸ್ ಕೊಂಡೆ. ಇದು ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ಎಲ್ಲಿ ಕತ್ತರಿಸಿದೆ, ಎಲ್ಲಿ ಇಳಿಸಿದೆ ಅನ್ನುವುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ, ಅದೂ ಬರಿಯ ಪಠ್ಯವಾಗಿ. ಪ್ರಾಜೆಕ್ಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಫೋಲ್ಡರಿನ ವಿಳಾಸ ಬದಲಿಸಿ, ಲಿನಕ್ಸ್‌ನಲ್ಲಿ ತೆರೆದೆ. ಎಲ್ಲ ಇದ್ದಲ್ಲೇ ಇತ್ತು. ಪ್ಲಗಿನ್, ಅಂದರೆ ಹೊರಗಿನಿಂದ ಸೇರಿಸಿಕೊಳ್ಳುವ ಎಫೆಕ್ಟ್, ವಿಷಯದಲ್ಲಿ ಮಾತ್ರ ಹುಷಾರಾಗಿದ್ದೆ. ಮ್ಯಾಕ್‌ನ ಆಡಿಯೊ ಯುನಿಟ್ ಪ್ಲಗಿನ್‌ಗಳು ಬೇರೆ ಕಡೆ ಓಡುವುದಿಲ್ಲ. ಅದಕ್ಕೇ ರೀಪರ್ ಜೊತೆ ಬರುವ ಕಂಪ್ರೆಸರ್ (ಏರಿಳಿತ ತಗ್ಗಿಸುವುದು), ಇಕ್ವಲೈಸರ್ (ದನಿಯ ಮಂದ್ರ-ತಾರ ಹೊಂದಿಸುವುದು) ಇಷ್ಟರಲ್ಲೇ ಕೆಲಸ ಮುಗಿಸುತ್ತೇನೆ.

ಒಂದು ಏಟು ಮಾತ್ರ ನಿರೀಕ್ಷೆಯೇ ಇಲ್ಲದ ಕಡೆಯಿಂದ ಬಿತ್ತು. ಫೈಲುಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದೆ. ಲಿನಕ್ಸ್‌ನಲ್ಲಿ 'ಕೀಚಕ' ಅಂತ ಟೈಪ್ ಮಾಡಿ ಹುಡುಕಿದರೆ ಇಲ್ಲ ಅನ್ನುತ್ತದೆ, ಕಣ್ಣೆದುರಿಗೇ ಫೈಲಿದೆ! ಕೀ ಅಕ್ಷರದ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಗುಡಿಸು ಮತ್ತು ದೀರ್ಘದ ಚಿಹ್ನೆ ಅಂತ ಎರಡಾಗಿಯೂ ಇಡಬಹುದು. ಮ್ಯಾಕ್‌ನ ಹಳೇ ಡಿಸ್ಕ್ ಮಾದರಿ ಎರಡಾಗಿ ಬಿಡಿಸಿ ಇಡುತ್ತದೆ, ನನ್ನ ಕೀಬೋರ್ಡ್ ಒಂದಾಗಿ ಟೈಪಿಸುತ್ತದೆ. ನೋಡಲು ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಕೊನೆಗೆ ಕೂತು ಎಲ್ಲ ಫೈಲುಗಳ ಹೆಸರನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದೆ. ಕನ್ನಡದ ಹೆಸರು ಈಗ ಪ್ರಾಜೆಕ್ಟಿನ ಒಳಗೆ, ಟ್ರ್ಯಾಕಿನ ಮೇಲೆ ಮಾತ್ರ ಇದೆ.