ಬ್ರಾಂಜ್ ಪೇಂಟಿನ ಅಡಿಯಲ್ಲಿದ್ದ ಹಳೆಯ ಚಿನ್ನ: ನನ್ನ ಅನುಭವ

ಇಂಗ್ಲೆಂಡಿನ ಮನೆಯೊಂದರಿಂದ ಬಂದ, 1760ರ ದಶಕದ, ಚಿನ್ನದ ರೇಕು (ತೆಳು ಹಾಳೆ) ಹಚ್ಚಿದ ಆ ಕನ್ನಡಿ ಚೌಕಟ್ಟನ್ನು ನೋಡಿದ ವ್ಯಾಪಾರಿಯೂ ನನಗಿಂತ ಹಿರಿಯರಾದ ಇಬ್ಬರು ಕಸುಬುದಾರರೂ ಒಂದೇ ಸಲಹೆ ಕೊಟ್ಟಿದ್ದರು: ಮರ ಕಾಣುವವರೆಗೆ ಕೆರೆದು, ಹೊಸ ಗೆಸ್ಸೋ (ರೇಕಿನ ಅಡಿಗೆ ಬಳಿಯುವ ಬಿಳಿ ಪುಡಿ–ಅಂಟಿನ ಲೇಪ) ಬಳಿದು, ಹೊಸ ರೇಕು ಹಚ್ಚಿಬಿಡಿ. ಅದಕ್ಕೆ ಸುಮಾರು ನಾಲ್ಕು ಸಾವಿರ ಪೌಂಡ್ ಅಂದಾಜಾಗಿತ್ತು. ಹಿಂದೆ ಯಾರೋ ಮೇಲಿಂದ ಮೇಲೆ ಬಳಿದಿದ್ದ ಬ್ರಾಂಜ್ ಪೇಂಟಿನಲ್ಲಿ ಇದ್ದದ್ದು ತಾಮ್ರ–ಸತುವಿನ ಪುಡಿ. ಅದು ಹಸಿರು ಬೆರೆತ ಕಂದು ಬಣ್ಣಕ್ಕೆ ತಿರುಗಿತ್ತು. ಅಡಿಯಲ್ಲಿರುವ ಚಿನ್ನ ಹಾಗೆ ಕಂದುವ ಲೋಹವಲ್ಲ, ಅದನ್ನು ಉಳಿಸಬಹುದು ಎಂದು ನಾನು ಪಟ್ಟು ಹಿಡಿದೆ.

ಮೊದಲು ಗೆಸ್ಸೋ ನಿಲ್ಲಬೇಕಿತ್ತು. ಹೀಟರ್‌ಗಳ ಒಣಗಾಳಿಗೆ ಪೈನ್ ಮರ ಅಡ್ಡಕ್ಕೆ ಕುಗ್ಗಿ, ಜೊತೆಗೆ ಕುಗ್ಗಲಾರದ ಗೆಸ್ಸೋ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಕೆಲವು ವಾರ ಶೇಕಡ 50–55ರ ಆರ್ದ್ರತೆಯಲ್ಲಿಟ್ಟು, ಪ್ರತಿ ಬಿರುಕಿಗೂ ಒಂದು ಹನಿ ಆಲ್ಕೋಹಾಲ್ ಬಿಟ್ಟು, ಹಿಂದೆಯೇ ಶೇಕಡ ನಾಲ್ಕರಷ್ಟು ತೆಳುವಾದ ಬೆಚ್ಚಗಿನ ಸ್ಟರ್ಜನ್ ಮೀನಿನ ಅಂಟನ್ನು ಹರಿಸಿದೆ. ಮೈಸೂರು ಚಿತ್ರಕಲೆಯ ಗೆಸ್ಸೋ ಕೆಲಸದಲ್ಲಿ ಕೈ ಪಳಗಿದವನಾದ್ದರಿಂದ, ಅಲ್ಲಿ ಬಳಸುವ ಗಮ್ ಅರೇಬಿಕ್ ಎಂಬ ಮರದ ಗೋಂದನ್ನೂ ಬೇರೊಂದು ಹಳೆಯ ತುಂಡಿನ ಮೇಲೆ ಪರೀಕ್ಷಿಸಿದೆ. ಅದು ಒಣಗಿ ಗಾಜಿನಂತೆ ಬಿರುಸಾಗಿ, ಮತ್ತೆ ಸೀಳಿತು.

ನಿಜವಾದ ತೊಡಕು ಪೇಂಟನ್ನು ತೆಗೆಯುವುದರಲ್ಲಿತ್ತು. ಈ ಚೌಕಟ್ಟಿನ ಉಬ್ಬು ಭಾಗಗಳಲ್ಲಿ ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪಿಸಿದ ನೀರಿನ ಗಿಲ್ಡಿಂಗ್ (ಅಂಟು ಬೆರೆತ ಜೇಡಿಯ ಪದರವನ್ನು ನೀರಿನಿಂದ ನೆನೆಸಿ ರೇಕು ಕೂರಿಸುವುದು), ತಗ್ಗುಗಳಲ್ಲಿ ಎಣ್ಣೆಯ ಗಿಲ್ಡಿಂಗ್ (ಅಂಟುವ ಎಣ್ಣೆಯ ಮೇಲೆ ರೇಕು ಹಚ್ಚುವುದು). ಮೊದಲನೆಯದಕ್ಕೆ ನೀರು ಶತ್ರು, ಎರಡನೆಯದಕ್ಕೆ ಕಟುವಾದ ದ್ರಾವಕ ಶತ್ರು. ನೀರು ಬೆರೆತ ಜೆಲ್ ಬೋಲನ್ನೇ (ರೇಕಿನಡಿಯ ಆ ಜೇಡಿಯ ಪದರವನ್ನೇ) ಎಬ್ಬಿಸಿತು. ಹತ್ತಿಯಲ್ಲಿ ಅಸಿಟೋನ್ ಒರೆಸಿದರೆ ಲೋಹದ ಪುಡಿ ಬಿರುಕುಗಳೊಳಗೆ ಇಳಿಯಿತು. ಸ್ಕಾಲ್ಪೆಲ್ ಎಂಬ ಚೂಪಾದ ಸಣ್ಣ ಚಾಕುವಿನ ಕೆಲಸ ಚೆನ್ನಾಗಿಯೇ ಬಂದರೂ ಒಂದು ಎಲೆಯ ಕೆತ್ತನೆಗೆ ಅರ್ಧ ದಿನ ಹಿಡಿದದ್ದರಿಂದ ಆ ಕೂಲಿಯನ್ನು ಯಾರೂ ಕೊಡಲಾರರು. ಕೊನೆಗೆ ಗೆದ್ದದ್ದು ಎರಡು ದ್ರಾವಕಗಳ ಗಟ್ಟಿ ಜೆಲ್: ಪೇಂಟ್ ಕರಗುವ ಮೊದಲೇ, ಉಬ್ಬಿದ ಹಂತದಲ್ಲಿ, ಜೆಲ್ಲನ್ನು ಎತ್ತಿ, ಪೇಂಟಿನ ಪೊರೆಯನ್ನು ಬಿದಿರಿನ ಕಡ್ಡಿಯಿಂದ ಸುಲಿಯಬೇಕು. ದ್ರಾವಕಗಳ ಪ್ರಮಾಣವನ್ನೂ ಎಷ್ಟು ಹೊತ್ತು ಬಿಡಬೇಕೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕೈಯ ಗಳಿಕೆ.

ಮೇಲ್ಮೈಯ ಮುಕ್ಕಾಲು ಪಾಲಿನಷ್ಟು ಮೂಲ ಚಿನ್ನವೇ ಸಿಕ್ಕಿತು, ಉಬ್ಬುಗಳ ಹೊಳಪೂ ಉಳಿದಿದೆ. ಬರಿದಾದ ಕಡೆಗಳಿಗೆ 25 ರೇಕುಗಳ ಪುಸ್ತಕ ಮೂರು ನಾಲ್ಕು ಸಾಕಾದವು; ಸಾಮಗ್ರಿಗೆ ಮುನ್ನೂರು ಪೌಂಡ್ ಕೂಡ ತಗುಲಲಿಲ್ಲ, ಕೂಲಿ ಸೇರಿಸಿದರೂ ಮೊದಲಿನ ಅಂದಾಜಿಗಿಂತ ಸಾವಿರದಷ್ಟು ಕಡಿಮೆಯಾಯಿತು. ಮಾಲೀಕರಿಗೆ ಹೇಳಿದ್ದು ಎರಡೇ ಮಾತು: ಹೀಟರ್‌ನಿಂದ ದೂರ ತೂಗುಹಾಕಿ, ಧೂಳನ್ನು ಮೃದುವಾದ ಒಣ ಕುಂಚದಿಂದಲೇ ತೆಗೆಯಿರಿ. ಒದ್ದೆ ಬಟ್ಟೆ ಉಬ್ಬುಗಳನ್ನು ಸವೆಸಿ ಮಾಡುವಷ್ಟು ಹಾನಿಯನ್ನು ಕಾಲವೂ ಮಾಡಿದ್ದನ್ನು ನಾನು ಕಂಡಿಲ್ಲ. ಈಗ ಪೂರ್ತಿ ಎಣ್ಣೆಯ ಗಿಲ್ಡಿಂಗ್ ಇರುವ ಗೋಡೆಮೇಜೊಂದು ಬಂದಿದೆ. ಅದಕ್ಕೆ ಜೆಲ್ಲಿನ ಹದವನ್ನು ಇನ್ನಷ್ಟು ಸೌಮ್ಯಗೊಳಿಸುತ್ತಿದ್ದೇನೆ.