ಯೀಸ್ಟ್ ಬಲೂನು ಉಬ್ಬಬೇಕಾದರೆ ಮೊದಲು ನೀರಿನ ಹದ ನೋಡಿ

ಜೀವಕೋಶ ಶಕ್ತಿ ಪಡೆಯುವ ಬಗೆಯನ್ನು ತೋರಿಸಲು ಶಾಲೆಯ ವಿಜ್ಞಾನ ಮೇಳಗಳಲ್ಲಿ ಇಡುವ ಯೀಸ್ಟ್ ಬಲೂನು ಎಷ್ಟೋ ಸಲ ಜೋತುಬಿದ್ದೇ ಇರುತ್ತದೆ. ಬಾಟಲಿಯೊಳಗಿನ ಯೀಸ್ಟ್ ಎಂಬ ಏಕಕೋಶ ಜೀವಿ ಸಕ್ಕರೆಯನ್ನು ಒಡೆದು ಬಿಡುವ ಅನಿಲದಿಂದ ಅದು ಉಬ್ಬಬೇಕು. ಯೀಸ್ಟ್ ಸರಿಯಿಲ್ಲ ಎಂದು ಅಂಗಡಿಯವರನ್ನು ದೂರುತ್ತಾರೆ. ಬಹುಪಾಲು ತಪ್ಪು ನೀರಿನದು.

ಅರ್ಧ ಲೀಟರಿನ ಎರಡು ಬಾಟಲಿ, ಎರಡು ಬಲೂನು, ಸಕ್ಕರೆ, ಒಣ ಯೀಸ್ಟ್ ತನ್ನಿ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಜೀವವಿಲ್ಲ. ಸೋಡಾಪುಡಿಗೆ ವಿನಿಗರ್ ಸುರಿದು ಬಲೂನು ಉಬ್ಬಿಸಿ ಯೀಸ್ಟ್ ಎಂದು ಹೇಳುವ ಅಡ್ಡದಾರಿಯನ್ನಂತೂ ಮಕ್ಕಳಿಗೆ ಕಲಿಸಲೇಬಾರದು.

ಇನ್ನು ನೀರು. ಯೀಸ್ಟ್‌ಗೆ ಹಿತವಾದದ್ದು 35ರಿಂದ 40 ಡಿಗ್ರಿ ಸೆಲ್ಸಿಯಸ್. 60 ದಾಟಿದರೆ ಕೋಶಗಳು ಸಾಯುತ್ತವೆ. ಸಕ್ಕರೆಯನ್ನು ಒಡೆಯುವ ಕಿಣ್ವಗಳು ಪ್ರೋಟೀನುಗಳು; ಬಿಸಿ ಹೆಚ್ಚಾದರೆ ಅವುಗಳ ಆಕಾರವೇ ಕೆಡುತ್ತದೆ. ತಣ್ಣೀರಿನಲ್ಲಿ ಕೋಶ ಸಾಯುವುದಿಲ್ಲ, ಕೆಲಸ ಕುಂಟುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟುಕೊಳ್ಳಿ: ಬೆಚ್ಚಗೆನ್ನಿಸಬೇಕು, ಚುರುಕ್ಕೆನ್ನಬಾರದು. ಬೆರಳನ್ನು ನಂಬಬೇಡಿ, ಅಡುಗೆ ಮಾಡುವವರ ಬೆರಳು ಬಿಸಿಗೆ ಒಗ್ಗಿರುತ್ತದೆ. ಯೀಸ್ಟ್ ಹಾಕಿದ ಮೇಲೆ ಕುದಿನೀರು ಸುರಿದು ಹದ ಮಾಡಲು ಹೋಗಬೇಡಿ. ಪಾತ್ರೆಯಲ್ಲೇ ಹದಗೊಳಿಸಿ, ಆಮೇಲೆ ಬಾಟಲಿಗೆ ಹಾಕಿ.

ಬಾಟಲಿಗೊಂದು ಲೋಟ ನೀರು, ಒಂದು ಚಮಚ ಯೀಸ್ಟ್. ಒಂದಕ್ಕೆ ಮಾತ್ರ ಎರಡು ಚಮಚ ಸಕ್ಕರೆ. ಬಲೂನನ್ನು ಒಮ್ಮೆ ಊದಿ ಸಡಿಲಿಸಿ ಸಿಕ್ಕಿಸಿ. ಮುಚ್ಚಳ ಬಿಗಿದರೆ ಬಾಟಲಿ ಸಿಡಿದೀತು, ಎಚ್ಚರ.

ಸ್ವಲ್ಪ ಹೊತ್ತಿಗೆ ಸಕ್ಕರೆಯ ಬಾಟಲಿಯಲ್ಲಿ ನೊರೆ ಏರಿ ಬಲೂನು ನೆಟ್ಟಗಾಗುತ್ತದೆ. ಸಕ್ಕರೆಯಿಲ್ಲದ್ದೂ ತುಸು ಗುಳ್ಳೆ ಬಿಟ್ಟರೆ ಅದನ್ನು ಮುಚ್ಚಿಡಬೇಡಿ, ತೀರ್ಪುಗಾರರಿಗೆ ಅದನ್ನೇ ಮೊದಲು ತೋರಿಸಿ. ಗ್ಲೈಕೋಜನ್, ಟ್ರೆಹಲೋಸ್ ಎಂಬ ಶರ್ಕರಗಳ ರೂಪದಲ್ಲಿ ತನ್ನೊಳಗೆ ಕೂಡಿಟ್ಟುಕೊಂಡ ದಾಸ್ತಾನನ್ನು ಯೀಸ್ಟ್ ಕರಗಿಸುತ್ತಿರುತ್ತದೆ.

‘ಬಲೂನಿನಲ್ಲಿ ಶಕ್ತಿ ತುಂಬಿದೆ’ ಎಂದು ಮಕ್ಕಳಿಂದ ಹೇಳಿಸಬೇಡಿ. ಅಲ್ಲಿರುವುದು ಕೋಶ ಹೊರಹಾಕಿದ ಕಾರ್ಬನ್ ಡೈಆಕ್ಸೈಡ್. ಕೋಶ ಇಟ್ಟುಕೊಂಡದ್ದು ಎಟಿಪಿ, ಅಂದರೆ ಅದರ ಕೆಲಸಗಳಿಗೆ ಶಕ್ತಿ ಒದಗಿಸುವ ಅಣು. 1929ರಲ್ಲಿ ಇದನ್ನು ಸ್ನಾಯುವಿನಲ್ಲಿ ಗುರುತಿಸಿದವರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಗ್ಲೂಕೋಸಿನ ಒಂದು ಅಣು ಆಮ್ಲಜನಕವಿಲ್ಲದೆ ಹೀಗೆ ಒಡೆದರೆ ನಿವ್ವಳ 2 ಎಟಿಪಿ ಸಿಗುತ್ತದೆ. ಶಕ್ತಿಯ ಬಹುಪಾಲು ಅನಿಲದ ಜೊತೆಗೇ ಹುಟ್ಟುವ ಆಲ್ಕೋಹಾಲಿನಲ್ಲೇ ಉಳಿದುಬಿಡುತ್ತದೆ. ಆಮ್ಲಜನಕ ದೊರೆತು ಕೋಶದೊಳಗೆ ಎಟಿಪಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯ ಕೆಲಸಕ್ಕಿಳಿದರೆ ಸುಮಾರು 30. ಎಟಿಪಿ ಒಂದು ಫಾಸ್ಫೇಟನ್ನು ಬಿಟ್ಟುಕೊಟ್ಟು ಎಡಿಪಿಯಾಗುವಾಗ ಕೋಶದ ಕೆಲಸ ನಡೆಯುತ್ತದೆ. ಸಕ್ಕರೆ ಒಡೆದಾಗ ಎಡಿಪಿ ಮತ್ತೆ ಎಟಿಪಿಯಾಗುತ್ತದೆ. ಚಾರ್ಟಿನಲ್ಲಿ ಬಲೂನಿನ ಚಿತ್ರದ ಬದಲು ಈ ಸುತ್ತನ್ನೇ ಬರೆಸಿ.