ಬಳ್ಳಾರಿ ಪೇಟೆಯಲ್ಲಿ ಫುಡ್ ಟ್ರಕ್: ಗಾಡಿ ಕೊಳ್ಳುವ ಮೊದಲು ಪ್ಲೇಟ್ ಎಣಿಸಿ

ಸಂಜೆ ಬಿಸಿಲಿಳಿದ ಮೇಲೆ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲೋ ರಾಯಲ್ ಸರ್ಕಲ್ ಆಸುಪಾಸಿನಲ್ಲೋ ಒಂದು ಸುತ್ತು ಹಾಕಿ. ಮಿರ್ಚಿ ಬಂಡಿ, ಗೋಬಿ ಬಂಡಿ, ಎಗ್ ರೈಸ್ ಬಂಡಿ, ಪಾನಿಪುರಿ ಬಂಡಿ. ‘ತಳ್ಳುವ ಬಂಡಿಗೇ ಇಷ್ಟು ಜನ ಮುತ್ತಿದರೆ, ಲೈಟು ಬಣ್ಣ ಎಲ್ಲ ಹಾಕಿದ ಫುಡ್ ಟ್ರಕ್‌ಗೆ ಇನ್ನೆಷ್ಟು ಬರಬೇಡ?’ ಅಂತ ಯಾರಿಗಾದರೂ ಅನ್ನಿಸುತ್ತದೆ.

ನನ್ನ ಅಕ್ಕನ ಮಗನಿಗೂ ಹಾಗೇ ಅನ್ನಿಸಿತ್ತು. ಹಳೇ ಟಾಟಾ ಏಸ್ ಕೊಂಡ. ವೆಲ್ಡಿಂಗ್ ಅಂಗಡಿಯಲ್ಲಿ ಬಾಡಿ ಕಟ್ಟಿಸಿದ. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ವ್ಯಾಪಾರ ಶುರು ಮಾಡಿದ. ಎಂಟು ತಿಂಗಳಿಗೆ ಮಾರಿದ. ಕೊಳ್ಳಲು ಬಂದವನು ಗಾಡಿ ಸ್ಟಾರ್ಟ್ ಮಾಡೋಣ ಅಂದರೆ ಬ್ಯಾಟರಿ ಸತ್ತಿತ್ತು, ನಾಲ್ಕೂ ಟಯರ್ ಗಾಳಿ ಇಳಿದು ಕೂತಿದ್ದವು. ಎಂಟು ತಿಂಗಳಲ್ಲಿ ಗಾಡಿ ಆ ಮರ ಬಿಟ್ಟು ಕದಲಿರಲಿಲ್ಲ. ಅಂದರೆ ಲಕ್ಷಗಟ್ಟಲೆ ಸುರಿದು ಅವನು ನಡೆಸಿದ್ದು ಒಂದು ಬಂಡಿಯನ್ನೇ.

ನಮ್ಮಂಥ ಊರಿನ ಪೇಟೆಯಲ್ಲಿ ಫುಡ್ ಟ್ರಕ್ ನಡೆಯುತ್ತದಾ? ನಡೆಯುತ್ತದೆ, ಗಾಲಿ ಉರುಳಿದರೆ. ಹೇಗೆ ಅಂತ ನೋಡೋಣ.

ಮೊದಲು ಎಣಿಕೆ

ಒಂದು ವಾರ ಸಂಜೆ ಆರರಿಂದ ಹತ್ತರವರೆಗೆ, ನೀವು ಗಾಡಿ ನಿಲ್ಲಿಸಬೇಕು ಅಂದುಕೊಂಡ ಜಾಗದಲ್ಲಿ ನಿಲ್ಲಿ. ತಲೆ ಎಣಿಸಬೇಡಿ. ಬಂಡಿ ಮುಂದೆ ನಾಲ್ವರು ನಿಂತಿದ್ದರೂ ಎರಡೇ ಪ್ಲೇಟ್ ಹೋಗಿರುತ್ತದೆ. ಪಕ್ಕದ ಡಬ್ಬಿಯಲ್ಲಿ ಬೀಳುವ ಪೇಪರ್ ಪ್ಲೇಟ್ ನೋಡಿ, ಬಂಡಿಯವರು ಪ್ಲೇಟಿನ ಹೊಸ ಕಟ್ಟು ಎಷ್ಟು ಸಲ ಬಿಚ್ಚಿದರು ನೋಡಿ. ಸುಮ್ನೆ ನಿಂತು ನೋಡಿದರೆ ಅವರಿಗೂ ಅನುಮಾನ ಬರುತ್ತದೆ, ಒಂದು ಪ್ಲೇಟ್ ತಿಂದು ಮಾತಾಡಿಸಿ. ತಿಂಗಳ ಮೊದಲ ವಾರ ಒಂದು ಸಲ, ಕೊನೇ ವಾರ ಇನ್ನೊಂದು ಸಲ ಎಣಿಸಿದರೆ ಇನ್ನೂ ಒಳ್ಳೆಯದು. ಜೀನ್ಸ್ ಹೊಲಿಗೆಯವರ ಕೈಯಲ್ಲಿ ದುಡ್ಡು ಓಡಾಡುವ ದಿನಕ್ಕೂ ಓಡಾಡದ ದಿನಕ್ಕೂ ಈ ಊರಲ್ಲಿ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಮನೆಗೆ ಬಂದು ಈ ಲೆಕ್ಕ ಹಾಕಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವು ತುಂಬಿಕೊಳ್ಳಿ. ಗಾಡಿ ಸಾಲದ ಕಂತು ತಿಂಗಳಿಗೆ 13,000, ಜಾಗದ ಬಾಡಿಗೆ 5,000, ಇನ್ಶೂರೆನ್ಸ್ ಮತ್ತು ರಿಪೇರಿಗೆ ಅಂತ ಎತ್ತಿಡುವುದು 3,000. ಒಟ್ಟು 21,000. ತಿಂಗಳಿಗೆ 26 ದಿನ ಗಾಡಿ ತೆರೆದರೆ ದಿನಕ್ಕೆ 800 ಚಿಲ್ಲರೆ. ಇಬ್ಬರು ಆಳುಗಳ ಕೂಲಿ 1,000. ಡೀಸೆಲ್, ನೀರು 200. ಒಲೆ ಹಚ್ಚುವ ಮೊದಲೇ ದಿನಕ್ಕೆ 2,000 ಖರ್ಚು ಬಿತ್ತು. 40 ರೂಪಾಯಿಯ ಪ್ಲೇಟ್‌ನಲ್ಲಿ ಸಾಮಾನು, ಗ್ಯಾಸ್ ಕಳೆದು 20 ಉಳಿಯುತ್ತದೆ ಅಂತ ಹಿಡಿಯಿರಿ. 100 ಪ್ಲೇಟ್ ಹೋದರೆ ಖರ್ಚಿಗೆ ಸರಿಹೋಯಿತು, ನಿಮ್ಮ ಕೈಗೆ ಸೊನ್ನೆ. ನಿಮಗೂ ದಿನಕ್ಕೆ 800 ಬೇಕಾದರೆ 140 ಪ್ಲೇಟ್.

ಪಕ್ಕದ ಮಿರ್ಚಿ ಬಂಡಿಯಲ್ಲಿ ಗಂಡ ಬಜ್ಜಿ ಬಿಡುತ್ತಾನೆ, ಹೆಂಡತಿ ಪ್ಲೇಟ್ ಕೊಡುತ್ತಾಳೆ. ಕಂತಿಲ್ಲ, ಕೂಲಿಯಿಲ್ಲ. 50 ಪ್ಲೇಟ್ ಹೋದರೂ ಅವರ ದಿನ ದೂಡುತ್ತದೆ. ನೀವು ಅವರ ಎದುರಿಗೇ ನಿಂತು ಅದನ್ನೇ ಮಾರಿದರೆ ಸೋಲುವವರು ನೀವು.

ಇನ್ನೊಂದು ಮಾತು. ನಾಲ್ಕು ತಾಸಿನಲ್ಲಿ 140 ಪ್ಲೇಟ್ ಅಂದರೆ ಎರಡು ನಿಮಿಷಕ್ಕೂ ಮೊದಲೇ ಒಂದೊಂದು ಪ್ಲೇಟ್ ಕೈ ದಾಟಬೇಕು. ಕಷ್ಟ ಅಲ್ವಾ? ಗಾಲಿ ಕೆಲಸಕ್ಕೆ ಬರುವುದು ಇಲ್ಲೇ. ಬೆಳಗ್ಗೆ ಏಳರಿಂದ ಹತ್ತು ಒಂದು ಜಾಗ, ಸಂಜೆ ಇನ್ನೊಂದು ಜಾಗ. ಬೆಳಗ್ಗೆ 60, ಸಂಜೆ 80. ಜನ ಇಂದಿಗೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಡೆ, ರೋಗಿಗಳ ಜೊತೆ ಹಳ್ಳಿಯಿಂದ ಬಂದವರು ಬೆಳಗ್ಗೆ ತಿಂಡಿಗೆ ಅಲೆಯುತ್ತಾರೆ. ಕಾಲೇಜುಗಳಿರುವ ರಸ್ತೆಗಳೂ ಆಗಬಹುದು. ಮಧ್ಯಾಹ್ನ ಪೇಟೆಯಲ್ಲಿ ನಿಲ್ಲುವ ಆಸೆ ಬೇಡ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ನಮ್ಮ ಊರಿನ ಡಾಂಬರ್ ಮೇಲೆ ನಿಂತು ತಿನ್ನುವವರು ಯಾರು?

ಜಾಗ ಮತ್ತು ಕಾಗದ

ಜಾಸ್ತಿ ಜನ ಎಡವುವುದು ಇಲ್ಲಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ವ್ಯಾಪಾರದ ಪ್ರಮಾಣಪತ್ರ ಇದ್ದವರನ್ನು ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ತಿರುಗಾಡಿ ಮಾರುವವರಿಗೂ ಅದರಲ್ಲಿ ಬೇರೆಯೇ ವರ್ಗ ಇದೆ. ಇಷ್ಟು ಓದಿ ಖುಷಿಪಡುವ ಮೊದಲು 5ನೇ ಸೆಕ್ಷನ್ ನೋಡಿ. ವ್ಯಾಪಾರವನ್ನು ತಾನೇ ಅಥವಾ ಮನೆಯವರೇ ಮಾಡುತ್ತೇವೆ, ಬೇರೆ ಜೀವನೋಪಾಯ ಇಲ್ಲ ಅಂತ ಬರೆದುಕೊಡಬೇಕು. ನೌಕರಿ ಇಟ್ಟುಕೊಂಡು, ಹುಡುಗರನ್ನು ಇಟ್ಟು ಟ್ರಕ್ ನಡೆಸುವವರಿಗೆ ಈ ಕಾಯ್ದೆಯ ನೆರಳು ಸಿಗುವುದಿಲ್ಲ. ಸಿಗಬಾರದು ಅಂತಲೇ ನನ್ನ ಅಭಿಪ್ರಾಯ. ಅದು ಬಂಡಿಯವರಿಗಾಗಿ ಬಂದದ್ದು.

ಹಾಗಾದರೆ ನಿಮಗೆ ದಾರಿ? ಖಾಸಗಿ ಜಾಗ. ಸಂಜೆ ಮುಚ್ಚುವ ಹಾರ್ಡ್‌ವೇರ್ ಅಂಗಡಿಯ ಮುಂದಿನ ಖಾಲಿ ಜಾಗ, ಮದುವೆ ಮಂಟಪದ ಕಾಂಪೌಂಡ್, ಖಾಲಿ ಸೈಟು. ಮಾಲೀಕರಿಂದ ಬಾಂಡ್ ಪೇಪರ್ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ. ಬಾಯಿಮಾತಿಗೆ ನಿಂತರೆ, ವ್ಯಾಪಾರ ಕುದುರಿದ ಮೂರನೇ ತಿಂಗಳಿಗೆ ಬಾಡಿಗೆ ಎರಡರಷ್ಟಾಗುತ್ತದೆ. ಆ ಒಪ್ಪಿಗೆ ಪತ್ರ ಹಿಡಿದು ಮಹಾನಗರ ಪಾಲಿಕೆಯಲ್ಲಿ ಉದ್ದಿಮೆ ಪರವಾನಗಿ ಕೇಳಿ. ರಾಯಲ್ ಸರ್ಕಲ್‌ನಂಥ ತಿರುವಿನಲ್ಲಿ ಗಾಡಿ ನಿಲ್ಲಿಸುವ ಯೋಚನೆಯನ್ನೇ ಬಿಡಿ, ಟ್ರಾಫಿಕ್ ಪೊಲೀಸರ ಜೊತೆ ದಿನಾ ಜಗಳ ಯಾರಿಗೆ ಬೇಕು?

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಟ್ರಕ್‌ನವರಿಗೆ ಬೇಕೇ ಬೇಕು. ಅದರ ಫೋಸ್ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪ್ರಮಾಣಪತ್ರವನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಿ.

ಗಾಡಿ

ಹೊಸ ಗಾಡಿಯ ಹಂಬಲ ಬೇಡ. ಹಳೇದೇ ಸಾಕು, ಎಂಜಿನ್ ಗಟ್ಟಿ ಇರಲಿ. ಬಾಡಿ ಬದಲಿಸುವುದಾದರೆ ಮೊದಲು ಆರ್‌ಟಿಒ ಒಪ್ಪಿಗೆ ತೆಗೆದುಕೊಂಡು, ಆಮೇಲೆ ಅದನ್ನು ಆರ್‌ಸಿಯಲ್ಲಿ ಬರೆಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ‘ಅದೆಲ್ಲ ಆಮೇಲೆ ನೋಡ್ಕೋಬಹುದು ಬಿಡಿ’ ಅನ್ನುವ ವೆಲ್ಡರ್ ಮಾತು ಕೇಳಬೇಡಿ. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ.

ನಮ್ಮ ಹುಡುಗ ಮಾಡಿದ ದೊಡ್ಡ ತಪ್ಪು ಬೇರೆ. ಬರೀ ತಗಡಿನ ಚಾವಣಿ ಹಾಕಿಸಿದ, ಬಿಸಿಗಾಳಿ ಹೊರಹೋಗಲು ಫ್ಯಾನ್ ಇಡಲಿಲ್ಲ. ಏಪ್ರಿಲ್‌ನಲ್ಲಿ ಎರಡು ಬರ್ನರ್ ಹಚ್ಚಿದರೆ ಒಳಗೆ ನಿಲ್ಲಲಾಗುತ್ತಿರಲಿಲ್ಲ. ಕೆಲಸದ ಹುಡುಗ ಐದು ನಿಮಿಷಕ್ಕೊಮ್ಮೆ ಕೆಳಗಿಳಿದು ತಲೆ ಮೇಲೆ ನೀರು ಸುರಿದುಕೊಳ್ಳುತ್ತಿದ್ದ. ಒಂದು ವಾರಕ್ಕೆ ಕೆಲಸ ಬಿಟ್ಟ. ಚಾವಣಿಗೆ ಎರಡು ಪದರ ಹಾಕಿಸಿ, ನಡುವೆ ಶಾಖ ತಡೆಯುವ ಶೀಟು ಇರಲಿ. ಗ್ಯಾಸಿಗೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ಬೇಕು. ಮನೆಯ 14.2 ಕೆ.ಜಿ. ಸಿಲಿಂಡರ್ ಇಟ್ಟು ಸಿಕ್ಕಿಬಿದ್ದರೆ ಸಿಲಿಂಡರೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಏನು ಮಾರಬೇಕು

ಎರಡೇ ಐಟಂ, ಹೆಚ್ಚೆಂದರೆ ಮೂರು. ಬೋರ್ಡ್ ತುಂಬಾ ಬರೆಸಿದರೆ ಪ್ರತಿ ಗಿರಾಕಿಯೂ ಓದುತ್ತಾ ನಿಲ್ಲುತ್ತಾನೆ.

ನನ್ನನ್ನು ಕೇಳಿದರೆ ಬೆಳಗ್ಗೆಗೆ ಮಂಡಕ್ಕಿ ಒಗ್ಗರಣೆಯಷ್ಟು ಟ್ರಕ್‌ಗೆ ಹೇಳಿಮಾಡಿಸಿದ ತಿಂಡಿ ಇನ್ನೊಂದಿಲ್ಲ. ರುಬ್ಬುವುದಿಲ್ಲ, ಹುದುಗಿಸುವುದಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಮನೆಯಲ್ಲೇ ಮಾಡಿ ತಂದಿಡಿ. ಗಿರಾಕಿ ಬಂದ ಮೇಲೆ ಮಂಡಕ್ಕಿಯನ್ನು ನೀರಿಗೆ ಅದ್ದಿ, ಎರಡು ಕೈಯಲ್ಲಿ ಹಿಂಡಿ, ಬಾಣಲೆಗೆ ಹಾಕಿ ಎರಡು ಸಲ ತಿರುವಿ, ಹುರಿಗಡಲೆ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಆಯಿತು. ಮೊದಲೇ ನೆನೆಸಿಟ್ಟರೆ ಮುದ್ದೆಯಾಗುತ್ತದೆ. ಪಕ್ಕದ ಒಲೆಯಲ್ಲಿ ಮಿರ್ಚಿ ಬೇಯುತ್ತಿರಲಿ.

ಸಂಜೆಗೆ ಮಾತ್ರ ಬಂಡಿಗಳಲ್ಲಿ ಇಲ್ಲದ್ದು ಬೇಕು. ಬಿಸಿ ಜೋಳದ ರೊಟ್ಟಿಗೆ ಎಣಗಾಯಿ ಸುತ್ತಿ ರೋಲ್ ಮಾಡಿ ಕೊಟ್ಟರೆ ಹೇಗೆ? ಜೋಳದ ರೊಟ್ಟಿ ಬಿಸಿಯಾಗಿದ್ದಾಗ ಮಡಚುತ್ತದೆ, ಆರಿದರೆ ಮುರಿಯುತ್ತದೆ. ಹಾಗಾಗಿ ತಟ್ಟಿ ತಂದಿಟ್ಟರೆ ಆಗದು, ರೊಟ್ಟಿ ತಟ್ಟುವ ಅಕ್ಕ ಒಬ್ಬರು ಗಾಡಿಯಲ್ಲೇ ಬೇಕು. ತಟ್ಟುವ ಸದ್ದೇ ನಿಮ್ಮ ಜಾಹೀರಾತು. ಗೋಬಿ ಮಾರುವುದಾದರೆ ಬಣ್ಣ ಮುಟ್ಟಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ರೋಡಮೈನ್-ಬಿಯಂಥ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ, ಜೂನ್‌ನಲ್ಲಿ ಕಬಾಬ್‌ಗೂ. ಪ್ಲಾಸ್ಟಿಕ್ ಪ್ಲೇಟ್, ಚಮಚಕ್ಕೆ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ.

ದುಡ್ಡು

ಟ್ರಕ್‌ಗೆ ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಬಹುದು. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಪಿಎಂ ಸ್ವನಿಧಿ ಸಾಲ ಬೀದಿ ವ್ಯಾಪಾರಿಗಳಿಗೆ ಮಾತ್ರ.

ಯುಪಿಐ ಬಗ್ಗೆ ಹೆದರಿಕೆ ಇನ್ನೂ ಹೋಗಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದಾಗ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತುಹಾಕಿದ್ದು ನೆನಪಿರಬಹುದು. ನಮ್ಮ 140 ಪ್ಲೇಟಿನ ಲೆಕ್ಕದಲ್ಲಿ ವರ್ಷದ ವಹಿವಾಟು 17 ಲಕ್ಷ ದಾಟುತ್ತದೆ. ಊಟ-ತಿಂಡಿ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಮಿತಿ 20 ಲಕ್ಷ. ಅಂದರೆ ವ್ಯಾಪಾರ ಚೂರು ಕುದುರಿದರೂ ಗೆರೆ ದಾಟುತ್ತೀರಿ. ಮೊದಲ ದಿನದಿಂದ ಲೆಕ್ಕದ ಪುಸ್ತಕ ಬರೆಯಿರಿ.

ಇನ್ನು ಶುರು ಮಾಡುವ ತಿಂಗಳು. ದೀಪಾವಳಿ ಕಳೆದ ಮೇಲೆ ತೆರೆಯಿರಿ. ಮಳೆ ಮುಗಿದಿರುತ್ತದೆ, ಬಿಸಿಲು ಏರುವ ಮೊದಲು ಮೂರು ತಿಂಗಳು ಸಿಗುತ್ತದೆ. ಅದಕ್ಕೂ ಮುಂಚೆ ಒಂದು ತಿಂಗಳು ಬಾಡಿಗೆ ಬಂಡಿಯಲ್ಲಿ ಅದೇ ರೊಟ್ಟಿ ರೋಲ್ ಮಾರಿ ನೋಡಿ. ಅಕ್ಕನ ಮಗ ಈಗ ಅದನ್ನೇ ಮಾಡುತ್ತಿದ್ದಾನೆ. ಮೊನ್ನೆ ಶನಿವಾರ 62 ಹೋಯಿತಂತೆ. ಸೋಮವಾರ 19.